ಹಳೆ ಮ್ಯಾನುವಲ್ ಲೆನ್ಸ್, ಕಡಿಮೆ ದುಡ್ಡು, ಕರಾವಳಿಯ ಗಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆ ಕ್ಯಾಮೆರಾ ಹಿಡಿದು ಓಡಾಡುವ ಹುಡುಗ ಹುಡುಗಿಯರು ಈಗ ಜಾಸ್ತಿ ಆಗಿದ್ದಾರೆ. ಕ್ಯಾಮೆರಾ ಹೇಗೋ ಬಂದಿರುತ್ತದೆ, ಎರಡನೇ ಲೆನ್ಸಿಗೆ ದುಡ್ಡು ಸಾಲುವುದಿಲ್ಲ. ಹಳೆ ಫಿಲ್ಮ್ ಕ್ಯಾಮೆರಾದ ಮ್ಯಾನುವಲ್ ಲೆನ್ಸ್, ಅಂದರೆ ಕೈಯಿಂದಲೇ ಫೋಕಸ್ ಮಾಡುವ ಲೆನ್ಸ್, ಅಂಥವರಿಗೆ ಒಳ್ಳೆಯ ದಾರಿ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಲೆನ್ಸಿನ ಹೆಸರಿಗಿಂತ ಅದರ ಗಾಜು ಸ್ವಚ್ಛ ಇದೆಯಾ, ಅದನ್ನು ಮಳೆಗಾಲದಲ್ಲಿ ಒಣಗಿದ ಜಾಗದಲ್ಲಿ ಇಡಲು ಆಗುತ್ತದಾ ಎನ್ನುವುದೇ ಮುಖ್ಯ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಇದೆಯಲ್ಲ, ಹಳೆಯದು ಯಾಕೆ ಬೇಕು?

ಬೆಳಕಿಗಾಗಿ. 18-55 ಕಿಟ್ ಲೆನ್ಸ್ 55 ಎಂಎಂಗೆ ಬಂದಾಗ ಸಾಮಾನ್ಯವಾಗಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಸಣ್ಣದಾದಷ್ಟು ಬೆಳಕಿನ ಕಿಂಡಿ ದೊಡ್ಡದು). ಹಳೆ 50 ಎಂಎಂ ಲೆನ್ಸ್ ಎಫ್/2ಕ್ಕೆ ತೆರೆದರೆ ಅದರ ಎಂಟು ಪಟ್ಟು ಬೆಳಕು ಒಳಗೆ ಬರುತ್ತದೆ. ಅಡಿಕೆ ತೋಟದ ನೆರಳು, ಮಳೆಗಾಲದ ಮಧ್ಯಾಹ್ನ, ಸಂಜೆ ಏಳಕ್ಕೆ ಮನೆ ಜಗಲಿ, ಇಂಥ ಕಡೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಿನ್ನೆಲೆಯೂ ಚೆನ್ನಾಗಿ ಮಸುಕಾಗುತ್ತದೆ. ಇನ್ನೊಂದು ಲಾಭವೂ ಇದೆ. ಅಪರ್ಚರ್ (ಬೆಳಕಿನ ಕಿಂಡಿ), ದೂರ, ಶಟರ್ ಮೂರನ್ನೂ ಕೈಯಾರೆ ತಿರುಗಿಸುವಾಗ ಫೋಟೋಗ್ರಫಿ ಬೇಗ ತಲೆಗೆ ಹತ್ತುತ್ತದೆ.

ಯಾರು ತೆಗೆದುಕೊಳ್ಳಬಾರದು?

ಮದುವೆ ಫೋಟೋ ಮಾಡಿ ಬದುಕುವವರು ಇದನ್ನೇ ನಂಬಿ ಹೋಗಬೇಡಿ. ಧಾರೆ ಎರೆಯುವ ಗಳಿಗೆ ಎರಡನೇ ಸಲ ಬರುವುದಿಲ್ಲ. ದಾಂಡೇಲಿಯ ಮಂಗಟ್ಟೆ ಹಕ್ಕಿ ಹಾರುವಾಗ ಹಿಡಿಯಬೇಕು ಎನ್ನುವವರಿಗೂ ಆಟೋಫೋಕಸ್ ಬೇಕೇ ಬೇಕು. ನಿಂತ ವಸ್ತು, ಮನುಷ್ಯರ ಮುಖ, ಬೀದಿ, ನಿಸರ್ಗ, ಹುಳ ಹುಪ್ಪಟೆ, ವಿಡಿಯೋ, ಇವಕ್ಕೆ ಮ್ಯಾನುವಲ್ ಲೆನ್ಸ್ ಧಾರಾಳ ಸಾಕು.

ನನ್ನ ಕ್ಯಾಮೆರಾಗೆ ಯಾವ ಹಳೆ ಲೆನ್ಸ್ ಕೂರುತ್ತದೆ?

ಕೊಳ್ಳುವ ಮೊದಲು ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಿ. ಲೆನ್ಸಿನ ಮೌಂಟಿನಿಂದ (ಲೆನ್ಸ್ ಕ್ಯಾಮೆರಾಗೆ ಕೂರುವ ಬಾಯಿ) ಫಿಲ್ಮ್ ಅಥವಾ ಸೆನ್ಸರಿಗೆ ಇರುವ ದೂರ ಒಂದೊಂದು ಕಂಪನಿಯದ್ದು ಒಂದೊಂದು. ಲೆನ್ಸ್ ಕೇಳುವ ದೂರಕ್ಕಿಂತ ನಿಮ್ಮ ಕ್ಯಾಮೆರಾದ ದೂರ ಕಡಿಮೆ ಇದ್ದರೆ, ಉಳಿದ ಜಾಗವನ್ನು ಒಂದು ಲೋಹದ ಬಳೆ ತುಂಬುತ್ತದೆ. ಆ ಬಳೆಯೇ ಅಡಾಪ್ಟರ್. ಕ್ಯಾಮೆರಾದ ದೂರ ಜಾಸ್ತಿ ಇದ್ದರೆ ಲೆನ್ಸ್ ದೂರದ ವಸ್ತುವಿಗೆ ಫೋಕಸ್ ಆಗುವುದೇ ಇಲ್ಲ.

ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಇದ್ದವರು ನಿಶ್ಚಿಂತೆಯಿಂದ ಇರಬಹುದು. ಸೋನಿ ಇ ಮೌಂಟಿನ ದೂರ 18 ಎಂಎಂ, ಫ್ಯೂಜಿ ಎಕ್ಸ್ 17.7, ನಿಕಾನ್ ಝಡ್ 16, ಕ್ಯಾನನ್ ಆರ್‌ಎಫ್ 20. ಹಳೆ ಎಸ್‌ಎಲ್‌ಆರ್ (ಕನ್ನಡಿ ಇರುವ ಫಿಲ್ಮ್ ಕ್ಯಾಮೆರಾ) ಲೆನ್ಸ್‌ಗಳು ಹೆಚ್ಚುಕಡಿಮೆ 42ರಿಂದ 46.5 ಎಂಎಂ ಕೇಳುತ್ತವೆ. ಹಾಗಾಗಿ ಸರಿಯಾದ ಅಡಾಪ್ಟರ್ ಇದ್ದರೆ ಬಹುತೇಕ ಎಲ್ಲವೂ ನಡೆಯುತ್ತದೆ.

ಕ್ಯಾನನ್ ಡಿಎಸ್‌ಎಲ್‌ಆರ್ (ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) ದೂರ 44 ಎಂಎಂ. ತಿರುಪಿನಂತೆ ತಿರುಗಿಸಿ ಹಾಕುವ ಎಂ42 ಲೆನ್ಸ್ 45.46 ಕೇಳುತ್ತದೆ, ಹಳೆ ನಿಕಾನ್ 46.5, ಒಲಿಂಪಸ್ ಓಎಂ 46, ಯಾಶಿಕಾ 45.5. ಇವೆಲ್ಲ ಕ್ಯಾನನ್ ಮೇಲೆ ಬರುತ್ತವೆ. ತಮಾಷೆ ಎಂದರೆ ಕ್ಯಾನನ್ನಿನದೇ ಹಳೆ ಎಫ್‌ಡಿ ಲೆನ್ಸ್ ಬರುವುದಿಲ್ಲ. ಅದು ಕೇಳುವುದು 42. ಮಿನೋಲ್ಟಾ 43.5, ಅದೂ ಆಗುವುದಿಲ್ಲ. ಫುಲ್ ಫ್ರೇಮ್ (ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಡಿಎಸ್‌ಎಲ್‌ಆರ್ ಆದರೆ ಲೆನ್ಸಿನ ಹಿಂಭಾಗ ಕನ್ನಡಿಗೆ ತಾಗುವ ಸಂಭವ ಇದೆ, ಮೊದಲೇ ವಿಚಾರಿಸಿ.

ನಿಕಾನ್ ಡಿಎಸ್‌ಎಲ್‌ಆರ್ ಇದ್ದವರು ಹಳೆ ನಿಕ್ಕೋರ್ (ನಿಕಾನ್ ಕಂಪನಿಯದೇ ಲೆನ್ಸ್) ಬಿಟ್ಟು ಬೇರೆ ಕಡೆ ನೋಡದಿರುವುದು ಒಳ್ಳೆಯದು. ಎಂ42ಗೆ ದೂರದ ಫೋಕಸ್ ಸಿಗುವಂತೆ ಗಾಜಿರುವ ಅಡಾಪ್ಟರ್ ಸಿಗುತ್ತದೆ, ಆದರೆ ಆ ಅಗ್ಗದ ಗಾಜು ಲೆನ್ಸಿನ ಗುಣವನ್ನೇ ತಿಂದುಹಾಕುತ್ತದೆ. ನಿಕ್ಕೋರ್‌ನಲ್ಲೂ ಒಂದು ಎಚ್ಚರಿಕೆ ಬೇಕು. 1977ರಲ್ಲಿ, ಅಪರ್ಚರ್ ರಿಂಗ್ ಕ್ಯಾಮೆರಾ ಜೊತೆ ಹೊಂದುವ ರೀತಿಯಲ್ಲಿ, ಎಐ ಎನ್ನುವ ಬದಲಾವಣೆ ಬಂತು. ಅದಕ್ಕಿಂತ ಹಳೆಯದನ್ನು ಡಿ7000 ಥರದ ಕ್ಯಾಮೆರಾಗೆ ಒತ್ತಿ ಹಾಕಿದರೆ ಮೌಂಟಿನ ಅಂಚಿನಲ್ಲಿರುವ ಸಣ್ಣ ಮೊಳೆ ಮುರಿಯಬಹುದು. ಡಿ3000, ಡಿ5000 ಸಾಲಿನ ಸಣ್ಣ ಕ್ಯಾಮೆರಾಗಳಲ್ಲಿ ಆ ಮೊಳೆ ಇಲ್ಲ, ಹಾಗಾಗಿ ಎರಡೂ ಕೂರುತ್ತವೆ. ಆದರೆ ಅವುಗಳಲ್ಲಿ ಬೆಳಕಿನ ಮೀಟರ್ ಕೆಲಸ ಮಾಡುವುದಿಲ್ಲ. ಎಲ್ಲವನ್ನೂ ಕೈಯಾರೆ ಹೊಂದಿಸುವ ಎಂ ಮೋಡಿನಲ್ಲಿ ಒಂದು ಫೋಟೋ ತೆಗೆದು, ಪರದೆ ನೋಡಿ ಸರಿಮಾಡಿಕೊಳ್ಳಬೇಕು.

ಅಪ್ಪನ ಕಾಲದ ಕ್ಯಾಮೆರಾ ಕಪಾಟಿನಲ್ಲಿ ಸಿಕ್ಕಿದೆ. ಅದರ ಲೆನ್ಸ್ ಬಳಸಬಹುದಾ?

ಖಂಡಿತ, ಮೊದಲು ಅದನ್ನೇ ನೋಡಿ. ಯಾಶಿಕಾ ಎಫ್‌ಎಕ್ಸ್-3, ಪೆಂಟಾಕ್ಸ್ ಕೆ1000, ರಷ್ಯಾದ ಝೆನಿಟ್ ಆಗಿದ್ದರೆ ಲೆನ್ಸ್ ಕಳಚಿ ಅಡಾಪ್ಟರ್ ಮೇಲೆ ಹಾಕಬಹುದು. ಲೆನ್ಸ್ ಕಳಚದ ಸಣ್ಣ ಪಾಯಿಂಟ್ ಅಂಡ್ ಶೂಟ್ ಆದರೆ ಆಗುವುದಿಲ್ಲ. ಕ್ಯಾಮೆರಾ ಚರ್ಮದ ಚೀಲದಲ್ಲೇ ವರ್ಷಗಟ್ಟಲೆ ಇದ್ದಿದ್ದರೆ ಚೀಲವನ್ನು ಕೂಡಲೇ ಬೇರೆ ಮಾಡಿ. ಚರ್ಮ ತೇವ ಹೀರಿಕೊಳ್ಳುತ್ತದೆ, ಬೂಷ್ಟು ಹಿಡಿಯುವುದು ಅಲ್ಲಿಂದಲೇ. ಪರಿಚಯದ ಹಳೆ ಸ್ಟುಡಿಯೋದವರನ್ನೂ ವಿಚಾರಿಸಿ. ಎಷ್ಟೋ ಕಡೆ ಫಿಲ್ಮ್ ಕಾಲದ ಸಾಮಾನು ಸುಮ್ನೆ ಡ್ರಾಯರಿನಲ್ಲಿ ಬಿದ್ದಿರುತ್ತದೆ.

ಕೊಳ್ಳುವುದೇ ಆದರೆ ಮೊದಲ ಲೆನ್ಸ್ ಯಾವುದು?

50ರಿಂದ 58 ಎಂಎಂ ಒಳಗಿನದು, ಎಫ್/1.8 ಅಥವಾ ಎಫ್/2. ಫಿಲ್ಮ್ ಕಾಲದಲ್ಲಿ ಪ್ರತಿ ಕ್ಯಾಮೆರಾ ಜೊತೆ ಇಂಥದ್ದೊಂದು ಬರುತ್ತಿತ್ತು. ಹಾಗಾಗಿ ಇಂದಿಗೂ ಬೇಕಾದಷ್ಟು ಇವೆ, ಬೆಲೆಯೂ ಕಡಿಮೆ. ಪೆಂಟಕಾನ್ 50/1.8 (ಅಂದರೆ 50 ಎಂಎಂ, ಎಫ್/1.8), ಸೂಪರ್ ಟಾಕುಮಾರ್ 55/1.8, ಯಾಶಿಕಾ ಎಂಎಲ್ 50, ನಿಕಾನ್ ಸೀರೀಸ್ ಇ 50/1.8, ಹೀಲಿಯೋಸ್ 44-2, ಯಾವುದಾದರೂ ಆಗಬಹುದು. ಇವುಗಳಲ್ಲಿ ಯಾವುದು ಮೇಲು ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ, ನಿಮ್ಮ ಕೈಗೆ ಬಂದಿದ್ದರಲ್ಲಿ ಯಾವುದರ ಗಾಜು ಸ್ವಚ್ಛ ಇದೆ ನೋಡಿ. ಅದನ್ನೇ ತೆಗೆದುಕೊಳ್ಳಿ.

ಎಪಿಎಸ್-ಸಿ, ಅಂದರೆ ಫುಲ್ ಫ್ರೇಮಿಗಿಂತ ಸಣ್ಣ ಸೆನ್ಸರಿನಲ್ಲಿ 50 ಎಂಎಂ, ಫುಲ್ ಫ್ರೇಮಿನ 75 ಅಥವಾ 80ರಷ್ಟು ಇಕ್ಕಟ್ಟಾಗಿ ಕಾಣುತ್ತದೆ. ಮುಖಕ್ಕೆ ಚೆನ್ನ, ಮನೆಯೊಳಗೆ ಸ್ವಲ್ಪ ಕಷ್ಟ. ಎರಡನೆಯದಾಗಿ 135 ಎಂಎಂ ತೆಗೆದುಕೊಳ್ಳಿ. ಹಳೆ 28 ಎಂಎಂಗಿಂತ ನಿಮ್ಮ ಕಿಟ್ ಲೆನ್ಸೇ ಹೆಚ್ಚು ಸ್ಪಷ್ಟ ಚಿತ್ರ ಕೊಡಬಹುದು. ಹಳೆ 70-210 ಥರದ ಝೂಮ್‌ಗಳು ಬಹಳ ಅಗ್ಗಕ್ಕೆ ಸಿಗುತ್ತವೆ. ನನ್ನ ಮಟ್ಟಿಗೆ ಅವುಗಳಲ್ಲಿ ಹೆಚ್ಚಿನವು ಆ ಬೆಲೆಗೂ ಬೇಡ.

ಹೀಲಿಯೋಸ್‌ನಲ್ಲಿ ಹಿನ್ನೆಲೆ ಸುಳಿ ಸುಳಿಯಾಗಿ ಬರುತ್ತದಂತೆ, ನಿಜವಾ?

ನಿಜ. ಜರ್ಮನಿಯ ಝೈಸ್ ಕಂಪನಿಯ ಬಯೋಟಾರ್ 58/2 ವಿನ್ಯಾಸದ ಮೇಲೆ ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಲೆನ್ಸ್ ಅದು. ಎಫ್/2ರಲ್ಲಿ ಒಂದೆರಡು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿ. ಹಿಂದೆ ಎಲೆ ಸಂದಿನಿಂದ ಬೆಳಕು ಬರುತ್ತಿರಬೇಕು. ಆಗ ಸುಳಿ ಕಾಣುತ್ತದೆ. ಯಾಣದ ದಾರಿಯ ಕಾಡು, ಬೆಳಗಿನ ತೋಟ ಇದಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಸುಳಿ ಇರುವುದು ಚಿತ್ರದ ಅಂಚಿನಲ್ಲಿ. ಎಪಿಎಸ್-ಸಿ ಸೆನ್ಸರ್ ಆ ಅಂಚನ್ನೇ ಕತ್ತರಿಸುತ್ತದೆ. ಹಾಗಾಗಿ ಸಣ್ಣ ಸೆನ್ಸರ್ ಇದ್ದವರು ಸುಳಿಗಾಗಿ ಮಾತ್ರ ಹೆಚ್ಚು ಬೆಲೆ ಕೊಟ್ಟು ಹೀಲಿಯೋಸ್ ಕೊಳ್ಳಬೇಡಿ.

ಕೈಗೆ ಸಿಕ್ಕ ಲೆನ್ಸನ್ನು ಹೇಗೆ ಪರೀಕ್ಷೆ ಮಾಡುವುದು?

ಮೊಬೈಲ್ ಟಾರ್ಚ್ ಇದ್ದರೆ ಸಾಕು. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಡಿ. ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ ನೋಡಿ. ಆಮೇಲೆ ಮುಂದಿನಿಂದ ಬೆಳಕು ಬಿಟ್ಟು ಹಿಂದಿನಿಂದ ನೋಡಿ.

ಅಲ್ಲೊಂದು ಇಲ್ಲೊಂದು ಧೂಳಿನ ಕಣ ಕಂಡರೆ ಬಿಟ್ಟುಬಿಡಿ, ಫೋಟೋದಲ್ಲಿ ಏನೂ ಕಾಣುವುದಿಲ್ಲ. ಬೇರಿನಂತೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಅದು ಫಂಗಸ್, ಅಂದರೆ ಬೂಷ್ಟು. ಇಡೀ ಗಾಜು ಮಂಜು ಕವಿದಂತಿದ್ದರೆ ಅದು ಹೇಝ್. ಹೇಝ್ ಇದ್ದ ಲೆನ್ಸಿನಲ್ಲಿ ಬೆಳಕಿಗೆ ಎದುರಾಗಿ ತೆಗೆದ ಫೋಟೋ ಎಲ್ಲ ಬೆಳ್ಳಗಾಗುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ತೇಪೆ ಕಂಡರೆ, ಎರಡು ಗಾಜನ್ನು ಅಂಟಿಸಿದ ಅಂಟು ಬಿಡುತ್ತಿದೆ ಎಂದರ್ಥ. ಅದನ್ನು ವಾಪಸ್ ಕೊಡಿ, ಸರಿಪಡಿಸುವ ಖರ್ಚಿಗೆ ಇನ್ನೊಂದು ಲೆನ್ಸ್ ಬರುತ್ತದೆ. ಮುಂದಿನ ಗಾಜಿನ ಮೇಲೆ ಒಂದೆರಡು ಗೀರು ಇದ್ದರೆ ಚೌಕಾಸಿ ಮಾಡಿ ತೆಗೆದುಕೊಳ್ಳಬಹುದು. ಹಿಂದಿನ ಗಾಜಿನ ಗೀರು ಮಾತ್ರ ಕೆಟ್ಟದ್ದು.

ಈಗ ಅಪರ್ಚರ್ ರಿಂಗ್ ತಿರುಗಿಸಿ. ಎಸಳುಗಳು ತಡವರಿಸದೆ ಮುಚ್ಚಿ ತೆರೆಯಬೇಕು. ಅವುಗಳ ಮೇಲೆ ಎಣ್ಣೆ ಹೊಳೆಯುತ್ತಿದ್ದರೆ ಮುಂದೊಂದು ದಿನ ಅಂಟಿಕೊಳ್ಳುತ್ತವೆ. ಹೀಲಿಯೋಸ್ 44-2 ಥರದ ಪ್ರಿಸೆಟ್ ಲೆನ್ಸಿನಲ್ಲಿ ಎಸಳು ನಡೆಯುವುದು ಕೈಯಿಂದಲೇ, ಹಾಗಾಗಿ ಸ್ವಲ್ಪ ಎಣ್ಣೆ ಇದ್ದರೂ ಕೆಲಸ ನಿಲ್ಲುವುದಿಲ್ಲ. ಫೋಕಸ್ ರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಹದದಲ್ಲಿ ತಿರುಗಬೇಕು. ಬಿಗಿ ಇದ್ದರೆ ಗ್ರೀಸ್ ಒಣಗಿದೆ. ಕರಕರ ಸದ್ದು ಬಂದರೆ ಕಡಲತೀರದ ಮರಳು ಒಳಗೆ ಹೋಗಿದೆ, ಮುಟ್ಟಬೇಡಿ.

ಸ್ವಲ್ಪ ಫಂಗಸ್ ಇದೆ, ಅರ್ಧ ಬೆಲೆಗೆ ಕೊಡುತ್ತಾರೆ. ತೆಗೆದುಕೊಳ್ಳಲಾ?

ಅಂಚಿನಲ್ಲಿ ಒಂದೆರಡು ಎಳೆ ಇದ್ದು, ಬಿಚ್ಚಿ ಒರೆಸಬಲ್ಲವರು ಗೊತ್ತಿದ್ದರೆ ಆಗಬಹುದು. ಹಳೆಯ ಫಂಗಸ್ ಗಾಜಿನ ಲೇಪನವನ್ನೇ ಕೊರೆದಿರುತ್ತದೆ, ಒರೆಸಿದರೂ ಗುರುತು ಹೋಗುವುದಿಲ್ಲ. ಅಂಟಿಸಿದ ಗಾಜುಗಳ ನಡುವೆ ಇದ್ದರಂತೂ ಕೈಯೇ ತಲುಪುವುದಿಲ್ಲ. ಬಿಸಿಲಿಗೆ ಇಟ್ಟರೆ ಬೆಳವಣಿಗೆ ನಿಲ್ಲಬಹುದು, ಕಲೆ ಹೋಗುವುದಿಲ್ಲ. ನಮ್ಮಲ್ಲಿ ಗಾಳಿಯೇ ಬೂಷ್ಟಿನ ಪರ ಇದೆ. ಒಣ ಊರಿನವರು ಧೈರ್ಯ ಮಾಡಬಹುದಾದ ಲೆನ್ಸನ್ನು ಕರಾವಳಿಯವರು ಬಿಡುವುದೇ ಲೇಸು.

ಆನ್‌ಲೈನ್‌ನಲ್ಲಿ ತರಿಸಿದರೆ?

ಮಾರುವವರಿಂದ ಮೂರು ಕೇಳಿ. ಹಿಂದಿನಿಂದ ಟಾರ್ಚ್ ಬಿಟ್ಟು ತೆಗೆದ ಫೋಟೋ, ಅಪರ್ಚರ್ ಮುಚ್ಚಿ ತೆರೆಯುವ ವಿಡಿಯೋ, ಮೌಂಟಿನ ಹತ್ತಿರದ ಫೋಟೋ. ಕೊಡಲು ಹಿಂಜರಿದರೆ ಮುಂದಕ್ಕೆ ಹೋಗಿ. ವಿದೇಶದಿಂದ ತರಿಸುವುದಾದರೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಅಗ್ಗದ ಲೆನ್ಸಿಗೆ ಇವೇ ಭಾರವಾಗುತ್ತವೆ. ಜೂನ್, ಜುಲೈನಲ್ಲಿ ತರಿಸಿದರೆ ಪಾರ್ಸೆಲ್ ನೆನೆದು ಬರುವ ಭಯವೂ ಇದೆ. ದೀಪಾವಳಿ ಮುಗಿದ ಮೇಲೆ ಕೊಳ್ಳುವುದು ಎಲ್ಲ ರೀತಿಯಲ್ಲೂ ಒಳ್ಳೆಯದು.

ಮಳೆಗಾಲದಲ್ಲಿ ಲೆನ್ಸ್ ಎಲ್ಲಿ ಇಡಬೇಕು?

ಈ ಪ್ರಶ್ನೆಯನ್ನು ಲೆನ್ಸ್ ಕೊಂಡ ಮೇಲೆ ಕೇಳುವವರೇ ಹೆಚ್ಚು, ಕೇಳಬೇಕಾದ್ದು ಮೊದಲು. ಲೆನ್ಸಿಗೆ ಎಂದು ಎತ್ತಿಟ್ಟ ದುಡ್ಡಿನಲ್ಲೇ ಪೆಟ್ಟಿಗೆಯ ದುಡ್ಡನ್ನೂ ತೆಗೆದಿಡಿ. ಅದಕ್ಕಾಗಿ ಲೆನ್ಸ್ ಒಂದು ಮೆಟ್ಟಿಲು ಕೆಳಗಿನದು ಆದರೂ ಪರವಾಗಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಡಿಸಿಟ್ಟ ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲದಕ್ಕೂ ಬೂಷ್ಟು ಬರುತ್ತದೆ ಅಲ್ವಾ? ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇವೆ, ತಡೆಯಲು ಆಗುವುದಿಲ್ಲ. ತಡೆಯಬಹುದಾದ್ದು ತೇವವನ್ನು ಮಾತ್ರ. ಲೆನ್ಸ್ ಇರುವ ಜಾಗದ ತೇವಾಂಶ 40ರಿಂದ 50 ಶೇಕಡಾ ಇದ್ದರೆ ಬೂಷ್ಟಿಗೆ ಬೆಳೆಯಲು ಆಗುವುದಿಲ್ಲ. ಅದಕ್ಕಿಂತ ತೀರಾ ಒಣಗಿಸುವ ಅಗತ್ಯವೂ ಇಲ್ಲ.

ಕರೆಂಟಿನ ಡ್ರೈ ಕ್ಯಾಬಿನೆಟ್ ಒಳ್ಳೆಯದೇ. ಆದರೆ ಬೆಲೆ ಜಾಸ್ತಿ, ಮಳೆಗಾಲದಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗಲೋ. ಕಡಿಮೆ ಖರ್ಚಿನ ದಾರಿ ಎಂದರೆ ರಬ್ಬರ್ ಅಂಚಿನ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ. ಅದರೊಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಡಿಜಿಟಲ್ ಮೀಟರ್. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ತೇವ ಹೀರಿ ಹಸಿರಾಗುತ್ತದೆ. ಆಗ ಸುಮಾರು 120 ಡಿಗ್ರಿ ಬಿಸಿಯಲ್ಲಿ ಒಣಗಿಸಿದರೆ ಮತ್ತೆ ಬಳಸಬಹುದು. ನೀಲಿಯಿಂದ ಗುಲಾಬಿಗೆ ತಿರುಗುವ ಹಳೆ ಥರದ್ದರಲ್ಲಿ ಕೋಬಾಲ್ಟ್ ಇದೆ, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಯಾವ ಬಣ್ಣದ್ದೇ ಆಗಲಿ, ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ, ಬೇರೆ ಪಾತ್ರೆ ಇಟ್ಟುಕೊಳ್ಳಿ. ಅಕ್ಕಿ ಹಾಕಿದರೆ ಸಾಲದಾ ಎಂದು ಕೇಳುತ್ತಾರೆ. ಅಕ್ಕಿ ತೇವ ಹೀರುವುದು ಕಡಿಮೆ, ಹಿಟ್ಟಿನ ಧೂಳು ಬಿಡುವುದು ಹೆಚ್ಚು. ಬೇಡ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಬೆಚ್ಚಗೆ ಇರುತ್ತದೆ. ಬೀಜ, ಬಟ್ಟೆ ಎಲ್ಲ ಅಲ್ಲೇ ಒಣಗುತ್ತವೆ. ಲೆನ್ಸನ್ನು ಅಲ್ಲಿ ಇಡಬೇಡಿ. ಹೊಗೆ ಗಾಜಿಗೆ ಕೂರುತ್ತದೆ, ಬಿಸಿಗೆ ಗ್ರೀಸ್ ಕರಗಿ ಅಪರ್ಚರ್ ಎಸಳಿಗೆ ಇಳಿಯುತ್ತದೆ.

ಬಳಸುತ್ತಿರುವ ಲೆನ್ಸಿಗೆ ಬೂಷ್ಟು ಬರುವುದು ಕಡಿಮೆ. ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು, ರಿಂಗ್ ತಿರುಗಿಸಿ, ನಾಲ್ಕು ಫೋಟೋ ತೆಗೆದು ಒಳಗಿಡಿ. ಒದ್ದೆ ಕ್ಯಾಮೆರಾ ಚೀಲದಲ್ಲಿ ರಾತ್ರಿ ಬಿಡಬೇಡಿ. ಎಸಿ ಕಾರಿನಿಂದ ಇಳಿದು ಕಡಲತೀರಕ್ಕೆ ಹೋಗುವಾಗ ತಣ್ಣಗಿನ ಗಾಜಿಗೆ ಹನಿ ಕಟ್ಟುತ್ತದೆ. ಇಳಿಯುವ ಮೊದಲೇ ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ ಮುಚ್ಚಿ, ಹೊರಗಿನ ಬಿಸಿಗೆ ಬಂದ ಮೇಲೆ ತೆಗೆಯಿರಿ.

ಲೆನ್ಸ್ ಹಾಕಿದೆ, ಶಟರ್ ಬೀಳುತ್ತಲೇ ಇಲ್ಲ!

ಮಿರರ್‌ಲೆಸ್ ಕ್ಯಾಮೆರಾಗೆ ಲೆನ್ಸ್ ಇರುವುದೇ ಗೊತ್ತಾಗಿಲ್ಲ. ಮೆನುವಿನಲ್ಲಿ 'ರಿಲೀಸ್ ವಿದೌಟ್ ಲೆನ್ಸ್' ಅಥವಾ 'ಶೂಟ್ ವಿದೌಟ್ ಲೆನ್ಸ್' ಎಂದು ಇರುತ್ತದೆ, ಆನ್ ಮಾಡಿ. ಕ್ಯಾಮೆರಾದೊಳಗೆ ಕೈ ನಡುಕ ತಡೆಯುವ ಸ್ಟೆಬಿಲೈಸರ್ ಇದ್ದರೆ ಲೆನ್ಸಿನ ಎಂಎಂ ಎಷ್ಟೆಂದು ಕೈಯಾರೆ ತುಂಬಿ. ಇಲ್ಲದಿದ್ದರೆ ಅದು ತಪ್ಪು ಲೆಕ್ಕದಲ್ಲಿ ಅಲುಗಾಡುತ್ತದೆ. ಎ ಮೋಡ್ ಸುಲಭ: ಅಪರ್ಚರ್ ಲೆನ್ಸಿನಲ್ಲಿ, ಶಟರ್ ಕ್ಯಾಮೆರಾ ನೋಡಿಕೊಳ್ಳುತ್ತದೆ.

ಎಂ42 ಲೆನ್ಸಿನಲ್ಲಿ ರಿಂಗ್ ತಿರುಗಿಸಿದರೂ ಎಸಳು ಮುಚ್ಚದಿದ್ದರೆ ಹಿಂದೆ ಒಂದು ಸಣ್ಣ ಪಿನ್ ಇದೆಯಾ ನೋಡಿ. ಎ/ಎಂ ಸ್ವಿಚ್ ಇದ್ದರೆ ಎಂಗೆ ತನ್ನಿ. ಸ್ವಿಚ್ ಇಲ್ಲದಿದ್ದರೆ ಆ ಪಿನ್ ಒತ್ತುವ ಒಳ ಅಂಚಿನ ಅಡಾಪ್ಟರ್ ಬೇಕು.

ಫೋಕಸ್ ಸರಿಯಾಗಿ ಕೂರುವುದೇ ಇಲ್ಲ. ಏನು ಮಾಡಲಿ?

ಮಿರರ್‌ಲೆಸ್‌ನಲ್ಲಿ ಪೀಕಿಂಗ್ (ಫೋಕಸ್ ಆದ ಅಂಚಿಗೆ ಪರದೆಯಲ್ಲಿ ಬಣ್ಣ ಬರುವುದು) ನೋಡಿ ಹತ್ತಿರ ತನ್ನಿ, ಆಮೇಲೆ ಚಿತ್ರ ದೊಡ್ಡದು ಮಾಡಿ ಕಣ್ಣಿನ ರೆಪ್ಪೆಗೆ ಹೊಂದಿಸಿ. ಪೀಕಿಂಗ್ ಒಂದನ್ನೇ ನಂಬಿದರೆ ಎಫ್/2ರಲ್ಲಿ ಮೂಗಿನ ತುದಿಗೆ ಫೋಕಸ್ ಆಗಿರುತ್ತದೆ. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಕೂತಾಗ ವ್ಯೂಫೈಂಡರಿನಲ್ಲಿ ಹತ್ತುವ ಹಸಿರು ಚುಕ್ಕೆ ಸಹಾಯ ಮಾಡುತ್ತದೆ. ಕ್ಯಾನನ್‌ಗೆ ಫೋಕಸ್ ಕೂತದ್ದು ತಿಳಿಸುವ ಚಿಪ್ ಇರುವ ಅಡಾಪ್ಟರ್ ಸಿಗುತ್ತದೆ. ಶುರುವಿನಲ್ಲಿ ಎಫ್/2.8 ಅಥವಾ ಎಫ್/4 ಇಟ್ಟು ಕೈ ಕೂರಿಸಿಕೊಳ್ಳಿ, ಲೆನ್ಸ್ ಕೂಡ ಅಲ್ಲಿ ಹೆಚ್ಚು ಸ್ಪಷ್ಟ ಚಿತ್ರ ಕೊಡುತ್ತದೆ.

ಇನ್ನೊಂದು ಸಂಗತಿ. ಅಗ್ಗದ ಅಡಾಪ್ಟರ್ ಸಾಮಾನ್ಯವಾಗಿ ಒಂದು ಕೂದಲೆಳೆ ತೆಳುವಾಗಿರುತ್ತದೆ. ಆಗ ರಿಂಗನ್ನು ತುದಿಯವರೆಗೆ ತಿರುಗಿಸಿದರೆ ಫೋಕಸ್ ಅನಂತವನ್ನೂ, ಅಂದರೆ ತೀರಾ ದೂರದ ವಸ್ತುವನ್ನೂ, ದಾಟಿಹೋಗುತ್ತದೆ. ಸದಾಶಿವಗಡದಿಂದ ಕಾಳಿ ನದಿ ಸಮುದ್ರ ಸೇರುವುದನ್ನು ತೆಗೆಯುವಾಗಲೂ ಪರದೆ ನೋಡಿಯೇ ಫೋಕಸ್ ಮಾಡಿ.

ಜಾತ್ರೆ, ಬೀದಿಯಲ್ಲಿ ಇಷ್ಟೆಲ್ಲ ತಿರುಗಿಸುತ್ತಾ ಕೂರಲು ಆಗುತ್ತದಾ?

ಕೂರಬೇಡಿ. 28 ಎಂಎಂ ಲೆನ್ಸಿನಲ್ಲಿ ಎಫ್/8 ಇಟ್ಟು, ದೂರ 3 ಮೀಟರಿಗೆ ಹೊಂದಿಸಿ ಬಿಟ್ಟುಬಿಡಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಸುಮಾರು 2ರಿಂದ 7 ಮೀಟರ್ ಒಳಗಿನದೆಲ್ಲ ಸ್ಪಷ್ಟ ಬರುತ್ತದೆ. ಶಿರಸಿ ಮಾರಿಕಾಂಬಾ ಜಾತ್ರೆಯ ಹಗಲಿನ ಗದ್ದಲಕ್ಕೆ ಇದಕ್ಕಿಂತ ವೇಗದ ಆಟೋಫೋಕಸ್ ಬೇಕಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟ ಬರುತ್ತದೆ ಎಂದು ತೋರಿಸಲು ಲೆನ್ಸಿನ ಮೇಲೆ ಕೆತ್ತಿದ ಗುರುತುಗಳು ಫಿಲ್ಮಿನ ಅಳತೆಗೆ ಮಾಡಿದವು. ಎಪಿಎಸ್-ಸಿಯಲ್ಲಿ ಎಫ್/8 ಇಟ್ಟಾಗ ಎಫ್/5.6ರ ಗುರುತು ನೋಡಿ. ಹೋಳಿ ಸಮಯದ ಬೇಡರ ವೇಷದ ಕುಣಿತ ರಾತ್ರಿಯದ್ದು, ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಯಕ್ಷಗಾನ ತೆಗೆಯಬಹುದಾ?

ಬಹುದು, ಬಹಳ ಚೆನ್ನಾಗಿ. ರಂಗದ ಬೆಳಕು ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಒಮ್ಮೆ ಎಂ ಮೋಡಿನಲ್ಲಿ ಹೊಂದಿಸಿದರೆ ಸಾಕು. ಎಫ್/2.8, ಶಟರ್ 1/250 ಸೆಕೆಂಡ್, ಐಎಸ್‌ಓ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 3200ರಿಂದ ಶುರು ಮಾಡಿ. ಕುಣಿತದ ಹಿಂದೆ ಫೋಕಸ್ ಓಡಿಸಬೇಡಿ. ವೇಷ ಎಲ್ಲಿ ಬಂದು ನಿಲ್ಲುತ್ತದೆ ಎಂದು ನೋಡಿಟ್ಟುಕೊಳ್ಳಿ. ಭಾಗವತರ ಪದ ಮುಗಿದು ಅರ್ಥ ಶುರುವಾದಾಗ ಕಲಾವಿದರು ಸ್ವಲ್ಪ ಹೊತ್ತು ಸ್ಥಿರವಾಗುತ್ತಾರೆ, ನಿಮ್ಮ ಗಳಿಗೆ ಅದು. ಆಟ ನೋಡಿ ಬೆಳೆದವರಿಗೆ ಇದು ತಾನಾಗಿ ತಿಳಿಯುತ್ತದೆ. 135 ಎಂಎಂ ಇದ್ದರೆ ಶಟರ್ 1/200ಕ್ಕಿಂತ ಕೆಳಗೆ ಇಳಿಸಬೇಡಿ. ಫ್ಲ್ಯಾಶ್ ಬೇಡವೇ ಬೇಡ. ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯೊಳಗೆ ತೆಗೆಯುವುದಾದರೆ ಮೇಳದವರನ್ನು ಕೇಳಿಯೇ ಹೋಗಿ.

ಕಪ್ಪೆ, ಅಣಬೆ, ಜೇಡ ತೆಗೆಯಲು ಮ್ಯಾಕ್ರೋ ಲೆನ್ಸ್ ಬೇಕಲ್ವಾ?

ಹಳೆ ಲೆನ್ಸಿನ ದೊಡ್ಡ ಲಾಭವೇ ಇದು. ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಟೊಳ್ಳು ಕೊಳವೆ ಹಾಕಿದರೆ ಹತ್ತಿರಕ್ಕೆ ಫೋಕಸ್ ಆಗುತ್ತದೆ. ಇದಕ್ಕೆ ಎಕ್ಸ್‌ಟೆನ್ಶನ್ ಟ್ಯೂಬ್ ಎನ್ನುತ್ತಾರೆ. ಒಳಗೆ ಗಾಜಿಲ್ಲ, ತಂತಿಯಿಲ್ಲ, ಹಾಗಾಗಿ ಅಗ್ಗ. 50 ಎಂಎಂ ಲೆನ್ಸಿಗೆ 25 ಎಂಎಂ ಕೊಳವೆ ಹಾಕಿದರೆ ವಸ್ತು ಸೆನ್ಸರಿನ ಮೇಲೆ ಅರ್ಧ ಗಾತ್ರದಲ್ಲಿ ಬೀಳುತ್ತದೆ. 50 ಎಂಎಂ ಹಾಕಿದರೆ ಪೂರ್ತಿ ಗಾತ್ರ. ಎಂ42 ಕೊಳವೆಗಳು ಮೂರರ ಸೆಟ್ಟಿನಲ್ಲಿ ಬರುತ್ತವೆ.

ಇಲ್ಲಿ ಫೋಕಸ್ ರಿಂಗ್ ಮರೆತುಬಿಡಿ. ಕ್ಯಾಮೆರಾ ಹಿಡಿದ ಮೈಯನ್ನೇ ನಿಧಾನ ಹಿಂದೆ ಮುಂದೆ ಮಾಡಿ. ಎಫ್/8 ಇಡಿ. ಬೆಳಕು ಕಡಿಮೆ ಬೀಳುತ್ತದೆ, ಅದಕ್ಕೆ ಒಂದು ಸಣ್ಣ ಎಲ್‌ಇಡಿ ದೀಪಕ್ಕೆ ಬಿಳಿ ಕಾಗದ ಅಡ್ಡ ಹಿಡಿಯಿರಿ. ಜುಲೈನ ತೋಟದಲ್ಲಿ ಒಂದು ಬಿದ್ದ ಸೋಗೆಯ ಸುತ್ತ ಇಡೀ ಬೆಳಗ್ಗೆ ಕಳೆಯುವಷ್ಟು ಜೀವ ಇರುತ್ತದೆ. ಕಪ್ಪೆಯನ್ನು ಕೈಯಲ್ಲಿ ಹಿಡಿದು ಕೂರಿಸಬೇಡಿ, ಅದರ ಚರ್ಮ ಬಹಳ ಸೂಕ್ಷ್ಮ. ಇಂಬಳಕ್ಕೆ ಸುಣ್ಣ, ತಂಬಾಕು ಜೊತೆಗಿರಲಿ. ಹಳೆ ಲೆನ್ಸಿಗೆ ನೀರು ತಡೆಯುವ ರಬ್ಬರ್ ಇಲ್ಲ. ಮಳೆ ಬಂದರೆ ಮೊದಲು ಕೊಡೆ ಲೆನ್ಸಿಗೆ.

ಕಡಲತೀರದಲ್ಲಿ ಫೋಟೋ ಎಲ್ಲ ಬೆಳ್ಳಗೆ, ಸಪ್ಪೆ ಬರುತ್ತವೆ. ಲೆನ್ಸ್ ಕೆಟ್ಟಿದೆಯಾ?

ಕೆಟ್ಟಿರಬೇಕೆಂದಿಲ್ಲ. ಹಳೆ ಲೇಪನ ಎದುರು ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ನಮ್ಮ ಸಮುದ್ರವೋ ಪಶ್ಚಿಮಕ್ಕೆ, ಸಂಜೆ ಸೂರ್ಯ ನೇರ ಗಾಜಿಗೇ ಹೊಡೆಯುತ್ತಾನೆ. ಓರೆ ಬೆಳಕಿಗೆ ಅಡ್ಡ ನಿಲ್ಲುವ ತಿರುಪಿನ ಹುಡ್ ಒಂದು ಹಾಕಿ. ಹೀಲಿಯೋಸ್ 44-2, ಟಾಕುಮಾರ್‌ಗೆ 49 ಎಂಎಂ, ನಿಕ್ಕೋರ್ 50ಕ್ಕೆ 52 ಎಂಎಂ. ರಾ, ಅಂದರೆ ಸಂಸ್ಕರಿಸದ ಮೂಲ ಫೈಲಿನಲ್ಲಿ ತೆಗೆದು ಕಾಂಟ್ರಾಸ್ಟ್ ಏರಿಸಿದರೆ ಚಿತ್ರಕ್ಕೆ ಜೀವ ಬರುತ್ತದೆ.

ಟಾಗೋರ್ ಕಡಲತೀರವಾಗಲಿ, ಗೋಕರ್ಣವಾಗಲಿ, ಗಾಳಿಯಲ್ಲಿ ಉಪ್ಪು ಇದ್ದೇ ಇರುತ್ತದೆ. ಅದು ಅಲ್ಯೂಮಿನಿಯಂ ತಿನ್ನುತ್ತದೆ. ಮನೆಗೆ ಬಂದ ಕೂಡಲೇ ಲೆನ್ಸಿನ ಮೈಯನ್ನು ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಗಾಜಿಗೆ ಮೊದಲು ರಬ್ಬರ್ ಬ್ಲೋವರ್, ಆಮೇಲೆ ಮೈಕ್ರೋಫೈಬರ್. ಬಾಯಿಂದ ಊದಬೇಡಿ. ಮರಳಿನಲ್ಲಿ ನಿಂತು ಲೆನ್ಸ್ ಬದಲಿಸಲೇಬೇಡಿ.

ಗಾಜು ಹಳದಿಯಾಗಿದೆ. ಅದರಲ್ಲಿ ವಿಕಿರಣ ಇದೆಯಂತೆ, ಹೌದಾ?

ಸೂಪರ್ ಟಾಕುಮಾರ್ 50/1.4ರಂಥ ಕೆಲವು ಲೆನ್ಸಿನ ಗಾಜಿನಲ್ಲಿ ಥೋರಿಯಂ ಸೇರಿಸಿದ್ದಾರೆ. ಕಾಲ ಕಳೆದಂತೆ ಅದು ಹಳದಿಯಾಗುತ್ತದೆ. ಹೊರಸೂಸುವ ವಿಕಿರಣ ಬಹಳ ಕಡಿಮೆ, ಫೋಟೋ ತೆಗೆಯಲು ಹೆದರಬೇಕಿಲ್ಲ. ಗಾಜನ್ನು ಉಜ್ಜಿ ಪುಡಿ ಮಾಡಬೇಡಿ, ದಿಂಬಿನ ಪಕ್ಕ ಇಟ್ಟು ಮಲಗಬೇಡಿ, ಅಷ್ಟೇ. ಹಳದಿ ಹೋಗಬೇಕಾದರೆ ಡಿಸೆಂಬರ್, ಜನವರಿಯ ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ವಾರ ಇಡಿ. ಹಿಂದೆ ಅಲ್ಯೂಮಿನಿಯಂ ಹಾಳೆ ಮುಚ್ಚಿರಲೇಬೇಕು. ಇಲ್ಲದಿದ್ದರೆ ಬಿಸಿಲು ಒಂದೇ ಬಿಂದುವಿಗೆ ಸೇರಿ ಬೆಂಕಿ ಹತ್ತೀತು.

ರಿಪೇರಿಗೆ ಎಲ್ಲಿಗೆ ಹೋಗುವುದು?

ಹುಬ್ಬಳ್ಳಿ, ಮಂಗಳೂರು, ಬೆಂಗಳೂರಿನ ಹಳೆ ಕ್ಯಾಮೆರಾ ಮೆಕ್ಯಾನಿಕ್‌ಗಳನ್ನು ವಿಚಾರಿಸಿ. ಸ್ಟುಡಿಯೋದವರಿಗೆ ಅವರ ಪರಿಚಯ ಇರುತ್ತದೆ. ಕೊಡುವ ಮೊದಲು ಖರ್ಚು ಕೇಳಿ, ಗಾಜಿನ ಫೋಟೋ ತೆಗೆದಿಟ್ಟುಕೊಳ್ಳಿ. ಲೆನ್ಸಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಖರ್ಚು ಹೇಳಿದರೆ ಅಂಥದ್ದೇ ಇನ್ನೊಂದು ಹುಡುಕಿ. ಮನೆಯಲ್ಲೇ ಬಿಚ್ಚಿ ಕಲಿಯುವ ಆಸೆ ಇದ್ದರೆ ಹೀಲಿಯೋಸ್ 44-2ರಂಥ ಸರಳ ಲೆನ್ಸಿನಿಂದ ಶುರು ಮಾಡಿ. ಫೋಕಸ್ ತಿರುಪಿನ ಎಳೆಗಳು ಬಿಚ್ಚಿ ಬರುವ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಅದು ತಪ್ಪಿದರೆ ಅನಂತದ ಫೋಕಸ್ ಸಿಗುವುದಿಲ್ಲ. ಈ ಕೆಲಸವನ್ನು ಮಳೆಗಾಲದಲ್ಲಿ ಮಾಡಬೇಡಿ, ಬಿಚ್ಚಿಟ್ಟ ಗಾಜಿನ ಒಳಮೈಗೆ ತೇವ ಸೇರಿಬಿಡುತ್ತದೆ.